ದೂರವಾಣಿ ಕಂಪನಿಯೊಂದು ಕಂಪ್ಯೂಟರ್ ಕಟ್ಟಿದ್ದು ಹೇಗೆ? ಫುಜಿತ್ಸುವಿನ ಆರಂಭದ ವರ್ಷಗಳು

ಪ್ರಶ್ನೆ:
ಜಪಾನಿನ ಫುಜಿತ್ಸು 1935ರಲ್ಲಿ ಹುಟ್ಟಿದಾಗ ದೂರವಾಣಿ ಉಪಕರಣಗಳ ತಯಾರಿಕೆಯೇ ಅದರ ಕಸುಬಾಗಿತ್ತು ಎಂದು ಓದಿದ್ದೇನೆ. ಅಂಥ ಸಂಸ್ಥೆ ಇಪ್ಪತ್ತು ವರ್ಷ ತುಂಬುವ ಮೊದಲೇ ಕಂಪ್ಯೂಟರ್ ಕಟ್ಟಲು ಹೇಗೆ ಸಾಧ್ಯವಾಯಿತು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಕಥೆಯನ್ನು 1923ರಿಂದ ಆರಂಭಿಸುವುದು ಉಚಿತ. ಆ ವರ್ಷ ಫುರುಕಾವಾ ಉದ್ಯಮ ಸಮೂಹವೂ ಜರ್ಮನಿಯ ಸೀಮೆನ್ಸ್ ಕಂಪನಿಯೂ ಕೂಡಿ ಫುಜಿ ಎಲೆಕ್ಟ್ರಿಕ್ ಸ್ಥಾಪಿಸಿದವು. ಹೆಸರು ಕೇಳಿದೊಡನೆ ಫುಜಿ ಪರ್ವತ ನೆನಪಾಗುವುದು ಸಹಜವಾದರೂ, ಅದು ಫುರುಕಾವಾದ ‘ಫು’ ಮತ್ತು ಸೀಮೆನ್ಸ್‌ನ ಜಪಾನಿ ಉಚ್ಚಾರವಾದ ‘ಜೀಮೆನ್ಸು’ವಿನ ‘ಜಿ’ ಸೇರಿ ಆದದ್ದು. ಅದೇ ಸೆಪ್ಟೆಂಬರಿನ ಕಾಂಟೊ ಭೂಕಂಪದಲ್ಲಿ ಟೋಕಿಯೊ, ಯೊಕೊಹಾಮಾಗಳ ದೂರವಾಣಿ ಜಾಲ ಹಾಳಾಯಿತು. ಮರುನಿರ್ಮಾಣದ ವೇಳೆ ಸರ್ಕಾರ ಕರೆಗಳನ್ನು ತಾನಾಗಿಯೇ ಜೋಡಿಸುವ ಸ್ವಯಂಚಾಲಿತ ವಿನಿಮಯ ಯಂತ್ರಗಳತ್ತ ಹೊರಳಿದ್ದರಿಂದ ಸೀಮೆನ್ಸ್ ಮಾದರಿಗೆ ಅಲ್ಲಿ ನೆಲೆ ಸಿಕ್ಕಿತು. ದೂರಸಂಪರ್ಕ ವಿಭಾಗ 1935ರಲ್ಲಿ ಫುಜಿ ತ್ಸುಶಿನ್‌ಕಿ ಎಂಬ ಪ್ರತ್ಯೇಕ ಕಂಪನಿಯಾಯಿತು. ಫುಜಿತ್ಸು ಎಂಬ ಅಧಿಕೃತ ಹೆಸರು ಬಂದದ್ದು 1967ರಲ್ಲಿ.

ಉತ್ತರ 2:
ನಿಮ್ಮ ಪ್ರಶ್ನೆಯ ತಿರುಳಿಗೆ ಉತ್ತರ ರಿಲೇಯಲ್ಲಿದೆ. ವಿದ್ಯುತ್ ಹರಿದಾಗ ಸಂಪರ್ಕ ಕೂಡಿಸುವ, ನಿಂತಾಗ ಬಿಡಿಸುವ ಈ ಸಣ್ಣ ಸಾಧನವೇ ದೂರವಾಣಿ ವಿನಿಮಯ ಕೇಂದ್ರದ ಜೀವಾಳ; ಕೂಡುವುದು–ಬಿಡುವುದು ಎಂಬ ಆ ಎರಡು ಸ್ಥಿತಿಗಳಲ್ಲೇ ಅಂಕಿಗಳನ್ನು ಬರೆದು ಲೆಕ್ಕವನ್ನೂ ಮಾಡಬಹುದೆಂಬುದನ್ನು ತೊಶಿಯೊ ಇಕೆಡಾ ಅವರಂಥ ಯುವ ಎಂಜಿನಿಯರರು ಚೆನ್ನಾಗಿ ಅರಿತಿದ್ದರು. ಟೋಕಿಯೊ ಷೇರುಪೇಟೆಯ ವಹಿವಾಟಿನ ಲೆಕ್ಕಕ್ಕೆಂದು ಅವರು ಮೊದಲು ರೂಪಿಸಿದ ಯಂತ್ರ ಬಳಕೆಗೆ ಬರಲಿಲ್ಲ. ಆ ಸೋಲಿನಲ್ಲಿ ಕಲಿತದ್ದೇ ರಿಲೇಗಳಿಂದಲೇ ಕಟ್ಟಿದ ಕಂಪ್ಯೂಟರಾದ 1954ರ ಫ್ಯಾಕಾಮ್ 100ಕ್ಕೆ ಅಡಿಪಾಯವಾಯಿತೆಂದು ನಾನು ಭಾವಿಸುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆದರೆ ಅಮೆರಿಕದಲ್ಲಿ 1946ರಲ್ಲೇ ನಿರ್ವಾತ ನಳಿಕೆಗಳಿಂದ (ವ್ಯಾಕ್ಯೂಮ್ ಟ್ಯೂಬ್) ಕೆಲಸ ಮಾಡುವ ಎನಿಯಾಕ್ ಕಂಪ್ಯೂಟರ್ ಬಂದಿತ್ತಲ್ಲವೇ? ಅಷ್ಟು ತಡವಾಗಿ ರಿಲೇಯನ್ನೇ ಆರಿಸಿಕೊಂಡದ್ದೇಕೆ?

ಉತ್ತರ 2:
ನಳಿಕೆ ವೇಗದಲ್ಲಿ ಬಹಳ ಮುಂದಿತ್ತು, ನಿಜ. ಆದರೆ ಮತ್ತೆಮತ್ತೆ ಕೆಡುತ್ತಿತ್ತು. ರಿಲೇಯನ್ನಾದರೋ ಇವರು ವರ್ಷಗಟ್ಟಲೆ ತಮ್ಮ ಕೈಯಾರೆ ತಯಾರಿಸಿದ್ದರು, ಅದರ ಗುಣದೋಷಗಳೆಲ್ಲ ಗೊತ್ತಿದ್ದವು. 1956ರ ಫ್ಯಾಕಾಮ್ 128ರಲ್ಲಂತೂ ಯಂತ್ರವು ತನ್ನ ತಪ್ಪನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆಯಿತ್ತು. ಅದರ ಸುಧಾರಿತ ರೂಪವಾದ 128ಬಿ ಯಂತ್ರವೊಂದನ್ನು ಸಂಸ್ಥೆಯವರು ಜಪಾನಿನ ನುಮಾಝು ನಗರದಲ್ಲಿ ದಶಕಗಳ ಕಾಲ ಜತನದಿಂದ ಚಾಲನೆಯಲ್ಲಿಟ್ಟುಕೊಂಡು ಬಂದಿದ್ದಾರೆ. ಅದು ಲೆಕ್ಕ ಮಾಡುವಾಗ ರಿಲೇಗಳ ಟಕಟಕ ಸದ್ದು ಹಳೆಯ ದೂರವಾಣಿ ವಿನಿಮಯ ಕೇಂದ್ರದ ಸದ್ದನ್ನೇ ಹೋಲುತ್ತದೆ.