2050ರ ಇಂಧನ ಯೋಜನೆ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ದೇಶದ 2050ರವರೆಗಿನ ಇಂಧನ ಯೋಜನೆಗೆ ಕರಡು ಮಾಡುತ್ತಿದ್ದೇವೆ. ಈಗ ಉರಿಸುವ ಕಲ್ಲಿದ್ದಲು, ತೈಲ, ಅನಿಲವನ್ನೆಲ್ಲ ಯೂನಿಟ್‌ಗೆ ಪರಿವರ್ತಿಸಿ, ಅಷ್ಟನ್ನೂ ಸೋಲಾರ್ ಮತ್ತು ಗಾಳಿಯಂತ್ರಕ್ಕೆ ಹಂಚಿದೆವು. ಬಂದ ಅಂಕಿ ನೋಡಿ ಗಾಬರಿಯಾಗಿದೆ. ಎಲ್ಲಿ ತಪ್ಪಿದ್ದೇವೆ ಸರ್?

ಉತ್ತರ: ಉರಿಸಿದ್ದನ್ನು ಎಣಿಸಿದ್ದೀರಿ, ಎಣಿಸಬೇಕಾದ್ದು ಅದರಿಂದಾಗುವ ಕೆಲಸವನ್ನು. ಪೆಟ್ರೋಲ್ ಕಾರಿನಲ್ಲಿ ಚಕ್ರ ಮುಟ್ಟುವುದು ಇಂಧನದ ಸುಮಾರು ಕಾಲು ಭಾಗ. ಮಿಕ್ಕಿದ್ದು ಬರೀ ಶಾಖ. ವಿದ್ಯುತ್ ಕಾರಿನಲ್ಲಿ ಮುಕ್ಕಾಲು ಭಾಗ ಮುಟ್ಟುತ್ತದೆ. ಹೊರಗಿನ ಶಾಖವನ್ನು ಒಳಗೆ ಎಳೆದು ತರುವ ಯಂತ್ರವಾದ ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ ತಿಂದು ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಹಾಗಾಗಿ ಎಷ್ಟು ಕಿಲೋಮೀಟರ್ ಓಡಾಟ, ಎಷ್ಟು ಟನ್ ಉಕ್ಕು, ಎಷ್ಟು ಚದರ ಮೀಟರ್ ಕಟ್ಟಡ ಎಂಬಲ್ಲಿಂದ ಶುರು ಮಾಡಿ. ಸಿಮೆಂಟ್ ಮಾತ್ರ ಬೇರೆ ಸಾಲಿನಲ್ಲಿರಲಿ. ಅದರ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣಕಲ್ಲಿನಿಂದಲೇ ಹೊರಡುತ್ತದೆ, ಗೂಡಿಗೆ ಯಾವ ಇಂಧನ ಹಾಕಿದರೂ ಅದು ನಿಲ್ಲುವುದಿಲ್ಲ.

ಪ್ರಶ್ನೆ: ವರ್ಷದ ಒಟ್ಟು ಬೇಡಿಕೆಗೆ ಉತ್ಪಾದನೆ ಸರಿಹೊಂದಿದರೆ ಸಾಕಲ್ಲವೇ? ಕೊರತೆಗೆ ಬ್ಯಾಟರಿ ಇದೆಯಲ್ಲ.

ಉತ್ತರ: ಕರಡುಗಳು ಮುಗ್ಗರಿಸುವುದೇ ಇಲ್ಲಿ. ಸಾಮರ್ಥ್ಯದ ಶೇ 20ರಷ್ಟು ಸರಾಸರಿ ಉತ್ಪಾದನೆಯ 1 ಗಿಗಾವ್ಯಾಟ್ ಸೋಲಾರ್ ವರ್ಷಕ್ಕೆ ಸುಮಾರು 175 ಕೋಟಿ ಯೂನಿಟ್ ಕೊಡುತ್ತದೆ, ಆದರೆ ರಾತ್ರಿ ಎಂಟಕ್ಕೆ ಸೊನ್ನೆ. ವರ್ಷದ 8,760 ಗಂಟೆಗಳನ್ನೂ ಒಂದೊಂದಾಗಿ ಓಡಿಸಿ ನೋಡಿ. ಸಂಜೆ 10 ಗಿಗಾವ್ಯಾಟ್ ಕೊರತೆ ನಾಲ್ಕು ಗಂಟೆ ಇದ್ದರೆ 40 ಗಿಗಾವ್ಯಾಟ್-ಗಂಟೆ, ಅದು ಬ್ಯಾಟರಿಯ ಕೆಲಸ. ಮೋಡ ಕವಿದು ಗಾಳಿ ಬಿದ್ದು ಅದೇ 10 ಗಿಗಾವ್ಯಾಟ್ ಕೊರತೆ ಐದು ದಿನ ಹಗಲಿರುಳೂ ಇದ್ದರೆ 1,200 ಗಿಗಾವ್ಯಾಟ್-ಗಂಟೆ ಬೇಕು, ಮೂವತ್ತು ಪಟ್ಟು. ಅದಕ್ಕೆ ಜಲಾಶಯ, ಪಂಪ್ಡ್ ಸ್ಟೋರೇಜ್ (ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೇರಿಸಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವುದು), ನೆರೆ ಗ್ರಿಡ್‌ಗಳ ಜೋಡಣೆ, ಅಪರೂಪಕ್ಕೆ ಓಡುವ ಸ್ಥಾವರ ಇವೆಲ್ಲ ಬೇಕು. ಹೈಡ್ರೋಜನ್ ಮಾಡಿಟ್ಟು ಮತ್ತೆ ವಿದ್ಯುತ್ ಮಾಡಿದರೆ ಮೂರರಲ್ಲಿ ಒಂದು ಪಾಲು ಕೈಗೆ ಬಂದರೆ ಹೆಚ್ಚು; ಅದನ್ನು ಕಡೆಯಲ್ಲಿಡಿ.

ಇನ್ನೊಂದು: ಬೇಡಿಕೆ ಒಂದು ವರ್ಷದ್ದು, ಗಾಳಿಯ ದತ್ತಾಂಶ ಇನ್ನೊಂದು ವರ್ಷದ್ದು ಬೆರೆಸಬೇಡಿ. ಸೆಕೆ ಹೆಚ್ಚಿ ಗಾಳಿ ಸತ್ತ ದಿನ ಲೆಕ್ಕದಿಂದಲೇ ಮಾಯವಾಗುತ್ತದೆ.

ಮತ್ತೊಬ್ಬರ ಉತ್ತರ: ಇದಕ್ಕೆ ನನ್ನದೂ ಒಂದು ಮಾತು. ಕ್ಯಾಲೆಂಡರನ್ನು 2050ರಿಂದ ಹಿಂದಕ್ಕೆ ಬರೆಯಿರಿ. ಉಕ್ಕಿನ ಕುಲುಮೆ, ಸಿಮೆಂಟ್ ಗೂಡು ಮೂವತ್ತು-ನಲವತ್ತು ವರ್ಷ ಬಾಳುತ್ತವೆ. 2030ರಲ್ಲಿ ಕಟ್ಟಿದ್ದು 2060ರಲ್ಲೂ ಹೊಗೆಯಾಡುತ್ತಿರುತ್ತದೆ. ಸೋಲಾರ್ ಪಾರ್ಕ್ ಒಂದೆರಡು ವರ್ಷದಲ್ಲಿ ಎದ್ದರೂ, ಅದರ ವಿದ್ಯುತ್ ಸಾಗಿಸುವ ಹೈಟೆನ್ಷನ್ ಲೈನ್‌ಗೆ ಜಾಗ, ಅನುಮತಿ ಸೇರಿ ಹತ್ತು ವರ್ಷವೂ ಹಿಡಿಯಬಹುದು. ಆದ್ದರಿಂದ ಮೊದಲ ಐದು ವರ್ಷದ ಹಣದಲ್ಲಿ ಲೈನ್ ಮತ್ತು ಸಬ್‌ಸ್ಟೇಷನ್ ಮುಂದಿರಲಿ. ಮುಚ್ಚುವ ಥರ್ಮಲ್ ಸ್ಥಾವರದ ಜನರೇಟರನ್ನು ಗುಜರಿಗೆ ಹಾಕುವ ಮುನ್ನ ಸಿಂಕ್ರೊನಸ್ ಕಂಡೆನ್ಸರ್ ಮಾಡಬಹುದೇ ನೋಡಿ: ಇಂಧನವಿಲ್ಲದೆ ತಿರುಗುತ್ತ ವೋಲ್ಟೇಜ್ ಹಿಡಿದಿಡುತ್ತದೆ.