ಅಪ್‌ಡೇಟ್: ಬೆಲ್ಟ್ ಸದ್ದು ನಿಂತಿತು, ಕಾರಣ ಟೆನ್ಶನರ್

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ, ಎಸಿ ಹಾಕಿದಾಗ ಕಿರ್ರ್ ಅಂತ ಸದ್ದು ಬರುತ್ತದೆ, ಇಂಜಿನ್ನಿನಿಂದ ಎಸಿಯಂಥ ಭಾಗಗಳನ್ನು ತಿರುಗಿಸುವ ಡ್ರೈವ್ ಬೆಲ್ಟ್ ಬದಲಿಸಿದರೆ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ನೀರಿನ ಪರೀಕ್ಷೆ ನಿಜಕ್ಕೂ ಕೆಲಸಕ್ಕೆ ಬಂತು. ಇಂಜಿನ್ ಓಡುತ್ತಿರುವಾಗ, ಕೈ ದೂರವಿಟ್ಟುಕೊಂಡು, ಬೆಲ್ಟಿನ ಗೆರೆಗಳಿರುವ ಬದಿಗೆ ಸ್ವಲ್ಪ ನೀರು ಸಿಂಪಡಿಸಿದೆ. ಸದ್ದು ಇನ್ನೂ ಜಾಸ್ತಿ ಆಯಿತು. ಅಂದರೆ ಬಿಗಿ ಸಾಲದೆ ಬೆಲ್ಟ್ ಜಾರುತ್ತಿದೆ. ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗಿದ್ದರೆ ಪುಲ್ಲಿಗಳು (ಬೆಲ್ಟ್ ಸುತ್ತುವ ಗಾಲಿಗಳು) ಒಂದೇ ಸಾಲಿನಲ್ಲಿವೆಯಾ ಅಂತ ನೋಡಬೇಕಿತ್ತು.

ಬೆಲ್ಟಿನಲ್ಲಿ ಬಿರುಕೇ ಇರಲಿಲ್ಲ. ಆದರೆ ಈಗಿನ ಇಪಿಡಿಎಂ ರಬ್ಬರ್ ಬೆಲ್ಟ್‌ಗಳು ಹಳೆಯವುಗಳಷ್ಟು ಸುಲಭವಾಗಿ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸವೆಯುತ್ತವೆ. ಗೆರೆಗಳ ಆಳವನ್ನೇ ನೋಡಬೇಕು. ನನ್ನದು ಸವೆದಿತ್ತು.

ಅದಕ್ಕಿಂತ ಮುಖ್ಯವಾಗಿ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಶನರ್‌ನ ಸ್ಪ್ರಿಂಗ್ ಸೋತಿತ್ತು. ಬೆಲ್ಟ್ ಬಿಚ್ಚಿ ಅದರ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತಿತ್ತು. ಬೆಲ್ಟ್, ಟೆನ್ಶನರ್ ಎರಡನ್ನೂ ಬದಲಿಸಿಯಾಯಿತು. ಬರೀ ಬೆಲ್ಟ್ ಹಾಕಿದ್ದರೆ ಹೊಸದೂ ಜಾರುತ್ತಿತ್ತು, ಅಲ್ವಾ? ಬಿಚ್ಚುವ ಮೊದಲೇ ಬೆಲ್ಟ್ ಸುತ್ತಿದ ದಾರಿಯ ಫೋಟೋ ತೆಗೆದಿದ್ದು ಬಹಳ ಸಹಾಯವಾಯಿತು.

ಸದ್ದು ಅಡಗಿಸುವ ಸ್ಪ್ರೇ ಹಾಕಲಿಲ್ಲ. ಅದು ಬೆಲ್ಟಿಗೆ ಅಂಟಿ ಧೂಳು ಹಿಡಿಯುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಈಗ ಎಸಿ ಹಾಕಿದರೂ ಸದ್ದಿಲ್ಲ.