ಸ್ತನ ಕ್ಯಾನ್ಸರ್ ಗೆಡ್ಡೆ ಪ್ರಯೋಗಕ್ಕೆ ನ್ಯೂಡ್ ಇಲಿ ಸಾಕೇ, ಎನ್‌ಎಸ್‌ಜಿ ಬೇಕೇ? (ಕೋಲಾರ)

ಅಂತರಗಂಗೆ, ಕೋಲಾರ

ನಮಸ್ಕಾರ. ಸಸ್ಯದಿಂದ ಬೇರ್ಪಡಿಸಿದ ಸಂಯುಕ್ತವೊಂದು ಎಂಡಿಎ-ಎಂಬಿ-231 ಮತ್ತು ಎಂಸಿಎಫ್-7 ಎಂಬ ಮನುಷ್ಯನ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪ್ಲೇಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದೆ. ಇನ್ನು ಇಲಿಯಲ್ಲಿ ನೋಡಬೇಕು. ಗೈಡ್ ರೋಗನಿರೋಧಕ ಶಕ್ತಿ ತೀರಾ ಕಡಿಮೆಯಿರುವ ಎನ್‌ಎಸ್‌ಜಿ ತಳಿ ತರಿಸೋಣ ಎನ್ನುತ್ತಾರೆ, ಪ್ರಾಣಿಗೃಹದ ಪಶುವೈದ್ಯರು ಕೂದಲಿಲ್ಲದ ನ್ಯೂಡ್ ತಳಿ ಸಾಕು ಎನ್ನುತ್ತಾರೆ. ಹೋಲಿಕೆಗೆ ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧ ಕೊಡುವ ಗುಂಪು ಇರುತ್ತದೆ. ಈಗ ಇರುವುದು ಸ್ವಿಸ್ ಇಲಿ, ವಿಸ್ಟಾರ್ ರ‍್ಯಾಟ್ ಸಾಕುವ ಮಾಮೂಲಿ ಕೋಣೆಗಳು. ಒಂದು ಕೋಣೆ ಖಾಲಿಯಿದೆ, ಐವಿಸಿ (ಪ್ರತಿ ಕೇಜ್‌ಗೂ ಪ್ರತ್ಯೇಕವಾಗಿ ಸೋಸಿದ ಗಾಳಿ ಹಾಯಿಸುವ) ರ‍್ಯಾಕ್‌ಗೆ ಹಣ ಮಂಜೂರಾಗಿದೆ. ನೀರು ಬೋರ್‌ವೆಲ್‌ದು. ಯಾವ ತಳಿ, ಎಷ್ಟು ಕೋಶ, ಕೋಣೆಗೆ ಏನೇನು ಬೇಕು ತಿಳಿಸಿ.

ದೇವರಾಯನದುರ್ಗ, ತುಮಕೂರು

ನಿಮ್ಮ ಪಶುವೈದ್ಯರ ಮಾತೇ ಸರಿ ಮೇಡಂ. ನ್ಯೂಡ್ ಇಲಿಯಲ್ಲಿ ಫಾಕ್ಸ್‌ಎನ್1 ಜೀನ್ ಕೆಟ್ಟಿರುವುದರಿಂದ ಥೈಮಸ್ ಗ್ರಂಥಿ ಬೆಳೆಯುವುದಿಲ್ಲ, ಹಾಗಾಗಿ ಪರಕೀಯ ಅಂಗಾಂಶವನ್ನು ತಿರಸ್ಕರಿಸುವ ಟಿ ಕೋಶಗಳಿಲ್ಲ. ಪ್ರತಿಕಾಯ ತಯಾರಿಸುವ ಬಿ ಕೋಶ ಇವೆ, ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳಂತೂ ಸಾಮಾನ್ಯ ಇಲಿಗಿಂತ ಚುರುಕು. ಆದರೂ ಮನುಷ್ಯನ ಗೆಡ್ಡೆ ಅದರಲ್ಲಿ ಬೆಳೆಯುತ್ತದೆ ಎಂದು 1969ರಲ್ಲೇ ಡೆನ್ಮಾರ್ಕ್‌ನಲ್ಲಿ ತೋರಿಸಿದ್ದಾರೆ. ಎಂಡಿಎ-ಎಂಬಿ-231ರಂಥ ಹಟಮಾರಿ ಕೋಶಗಳಿಗೆ ಅಷ್ಟು ಸಾಕು.

ಎನ್‌ಎಸ್‌ಜಿಯಲ್ಲಿ ಟಿ, ಬಿ, ಎನ್‌ಕೆ ಮೂರೂ ಇಲ್ಲ. ರೋಗಿಯ ಗೆಡ್ಡೆಯ ತುಂಡನ್ನೇ ನೇರವಾಗಿ ಕೂರಿಸಬೇಕು, ರಕ್ತದ ಕ್ಯಾನ್ಸರ್ ಕೋಶ ನೆಲೆಗೊಳ್ಳಬೇಕು ಎಂದರೆ ಅದೇ ಒಳ್ಳೆಯದು. ನಿಮ್ಮ ವಿಷಯದಲ್ಲಿ ಅದು ತೊಂದರೆಯನ್ನೇ ತರುತ್ತದೆ. ಅದರಲ್ಲಿರುವ ಸ್ಕಿಡ್ ದೋಷ ಡಿಎನ್‌ಎ ಎಳೆ ಕಡಿದಾಗ ರಿಪೇರಿ ಮಾಡುವ ಕಿಣ್ವದ್ದು. ಮೈಯ ಎಲ್ಲ ಕೋಶಗಳಲ್ಲೂ ಆ ದೋಷ ಇರುತ್ತದೆ. ನ್ಯೂಡ್ ತಾಳಿಕೊಳ್ಳುವ ಡಾಕ್ಸೊರೂಬಿಸಿನ್ ಡೋಸ್‌ಗೆ ಎನ್‌ಎಸ್‌ಜಿ ಸೊರಗಿ ಸಾಯುತ್ತದೆ, ಹೋಲಿಕೆಯ ಗುಂಪೇ ಕೈತಪ್ಪುತ್ತದೆ.

ಇನ್ನೊಂದು ಮಾತು. ಸಂಯುಕ್ತ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿ ಗೆಡ್ಡೆ ಕರಗಿಸುತ್ತದೆ ಎಂಬುದು ನಿಮ್ಮ ವಾದವಾದರೆ ಈ ಎರಡೂ ತಳಿ ಬೇಡ. ರೋಗನಿರೋಧಕ ಶಕ್ತಿ ಸರಿಯಿರುವ ಬ್ಯಾಲ್ಬ್-ಸಿ ಇಲಿಯಲ್ಲಿ ಅದೇ ತಳಿಯ 4ಟಿ1 ಸ್ತನ ಗೆಡ್ಡೆ ಬೆಳೆಸಿ ನೋಡಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ತಳಿಗಿಂತ ಮೊದಲು ನೀರಿನ ವಿಷಯ. ನಮ್ಮ ಎರಡೂ ಜಿಲ್ಲೆಗಳ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಕೂಡ ಹೆಚ್ಚು. ಅದನ್ನೇ ಬಾಟಲಿಗೆ ತುಂಬಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿದರೆ ಸುಣ್ಣ ಕಟ್ಟಿ ನಳಿಕೆಯ ತುದಿ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಬಾಟಲಿ ತುಂಬಿಯೇ ಇರುತ್ತದೆ, ಒಳಗೆ ಇಲಿ ಬಾಯಾರಿ ಒಣಗುತ್ತಿರುತ್ತದೆ. ಶನಿವಾರ ಮುಚ್ಚಿಕೊಂಡರೆ ಸೋಮವಾರದ ಹೊತ್ತಿಗೆ ಕೇಜ್ ಪೂರ್ತಿ ಹೋಗಿರಬಹುದು. ಆರ್‌ಒ ನೀರು ಹಿಡಿದು, ಆಟೋಕ್ಲೇವ್ ಮಾಡಿ, ತಣ್ಣಗಾದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2.5–3ಕ್ಕೆ ತನ್ನಿ. ಸೂಡೋಮೊನಾಸ್ ಬ್ಯಾಕ್ಟೀರಿಯಾ ಬೆಳೆಯದಿರಲು ಇದು ಬೇಕು. ಬಾಟಲಿ ಇಟ್ಟ ಮೇಲೆ ನಳಿಕೆಯನ್ನು ಬೆರಳಿಂದ ಒಮ್ಮೆ ತಟ್ಟಿ ಹನಿ ಬರುತ್ತದೆಯೇ ನೋಡಿ, ದಿನಾ ನೋಡಿ.

ಮೇವು ಗಾಮಾ ವಿಕಿರಣ ಹಾಯಿಸಿದ್ದು ಸಿಕ್ಕಿದರೆ ಒಳ್ಳೆಯದು. ಮಾಮೂಲಿ ಪೆಲೆಟ್ ಆಟೋಕ್ಲೇವ್ ಮಾಡಿದರೆ ಬಿ1 ಜೀವಸತ್ವ ನಾಶವಾಗುತ್ತದೆ, ಪೆಲೆಟ್‌ಗಳೂ ಅಂಟಿಕೊಂಡು ಕಲ್ಲಾಗುತ್ತವೆ. ಐವಿಸಿ ಬ್ಲೋವರ್‌ಗೆ ಯುಪಿಎಸ್, ಅದರ ಹಿಂದೆ ಜನರೇಟರ್ ಇರಲಿ. ಕರೆಂಟ್ ಹೋಗಿ ಬ್ಲೋವರ್ ನಿಂತರೆ ಕೇಜ್‌ನೊಳಗೆ ಇಂಗಾಲದ ಡೈಆಕ್ಸೈಡ್, ತೇವ ಎರಡೂ ಏರುತ್ತವೆ. ನ್ಯೂಡ್‌ಗೆ ಮೈಮೇಲೆ ಕೂದಲಿಲ್ಲ, ಚಳಿ ಬೇಗ ಹತ್ತುತ್ತದೆ. ಗೂಡು ಕಟ್ಟಿಕೊಳ್ಳಲು ಆಟೋಕ್ಲೇವ್ ಮಾಡಿದ ಟಿಶ್ಯೂ ಹಾಕಿ, ಕೋಣೆ 24–26 ಡಿಗ್ರಿ ಇರಲಿ.

ನೋಡಿಕೊಳ್ಳುವವರು ದಿನದ ಮೊದಲ ಕೆಲಸವಾಗಿ ಈ ಕೋಣೆಗೆ ಬರಬೇಕು. ಸ್ವಿಸ್ ಕೋಣೆ ಮುಗಿಸಿ ಇತ್ತ ಬರುವ ಹಾಗಿಲ್ಲ. ಬೆನ್ನು, ಪಕ್ಕೆಗಳ ಮೇಲೆ ಹೊಟ್ಟಿನಂಥ ಬಿಳಿ ಪದರ ಕಂಡರೆ ಕೊರಿನೆಬ್ಯಾಕ್ಟೀರಿಯಂ ಬೋವಿಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಎಂದು ಮೊದಲು ಅನುಮಾನಿಸಿ, ಚರ್ಮದ ಸ್ವಾಬ್ ಪಿಸಿಆರ್‌ಗೆ ಕಳಿಸಿ. ಪದರ ಕೆಲ ದಿನಗಳಲ್ಲಿ ಮಾಯವಾಗುತ್ತದೆ, ಆದರೆ ಸೋಂಕು ಉಳಿಯುತ್ತದೆ, ಆಂಟಿಬಯೋಟಿಕ್ ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಗ್ಲೌಸ್ ಮೂಲಕವೇ ಕೇಜ್‌ನಿಂದ ಕೇಜ್‌ಗೆ ಹರಡುತ್ತದೆ.

ಈ ವ್ಯವಸ್ಥೆ ಮೂರು ತಿಂಗಳು ಸ್ವಿಸ್ ಇಲಿಗಳೊಂದಿಗೆ ಸರಿಯಾಗಿ ನಡೆಯುವವರೆಗೆ ನ್ಯೂಡ್ ಆರ್ಡರ್ ಮಾಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂತರಗಂಗೆ, ಕೋಲಾರ

ತುಂಬಾ ಉಪಕಾರವಾಯಿತು. ನಾಲ್ಕು ಗುಂಪು, ಗುಂಪಿಗೆ 8 ಇಲಿ ಅಂದುಕೊಂಡಿದ್ದೇವೆ. ಕೋಶದ ಲೆಕ್ಕ ಮತ್ತು ಚುಚ್ಚುವ ಕ್ರಮ ಹೇಳುತ್ತೀರಾ? ಎಂಸಿಎಫ್-7 ಕೂಡ ಇದೇ ರೀತಿಯೇ?

ದೇವರಾಯನದುರ್ಗ, ತುಮಕೂರು

32 ಬೇಕಾದರೆ 40ಕ್ಕೆ ಚುಚ್ಚಿ, ಎಲ್ಲದರಲ್ಲೂ ಗೆಡ್ಡೆ ಸಮನಾಗಿ ಬರುವುದಿಲ್ಲ. 6–8 ವಾರದ ಹೆಣ್ಣಿಲಿ, ಬಂದ ಮೇಲೆ ಒಂದು ವಾರ ಮುಟ್ಟದೆ ಬಿಡಿ. ಇಲಿಗೆ 50 ಲಕ್ಷ ಕೋಶದಂತೆ 20 ಕೋಟಿ ಆಯಿತು. ಸಿರಿಂಜ್‌ನಲ್ಲಿ ಉಳಿದು ಹೋಗುವುದನ್ನೂ ಸೇರಿಸಿ 24 ಕೋಟಿ ಎಣಿಸಿಕೊಳ್ಳಿ. ಕೋಶ ಬೆಳೆಸುವ ಟಿ-175 ಫ್ಲಾಸ್ಕ್‌ಗೆ ಸುಮಾರು ಒಂದೂವರೆಯಿಂದ ಎರಡು ಕೋಟಿ ಸಿಗುತ್ತದೆ. ಫ್ಲಾಸ್ಕ್ 70–80 ಶೇಕಡಾ ತುಂಬಿದಾಗಲೇ ತೆಗೆಯಿರಿ, ಕಿಕ್ಕಿರಿದ ಕೋಶಗಳು ಇಲಿಯಲ್ಲಿ ನಿಧಾನ. ಅದಕ್ಕೂ ಮೊದಲು ಮೈಕೋಪ್ಲಾಸ್ಮಾ (ಕೋಶಗಳ ಜೊತೆ ಕಾಣದೆ ಬೆಳೆಯುವ ಬ್ಯಾಕ್ಟೀರಿಯಾ) ಪರೀಕ್ಷೆ ಆಗಿರಲೇಬೇಕು.

ಕೋಶಗಳನ್ನು ಫ್ಲಾಸ್ಕ್‌ನಿಂದ ಬಿಡಿಸುವ ಟ್ರಿಪ್ಸಿನ್ ಕಿಣ್ವ ನಿಲ್ಲಿಸಿದ ಮೇಲೆ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಎರಡು ಸಲ ತೊಳೆದು ಸೀರಂ ತೆಗೆಯಿರಿ. ಸತ್ತ ಕೋಶಕ್ಕೆ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂನಲ್ಲಿ 90 ಶೇಕಡಾಕ್ಕಿಂತ ಕಡಿಮೆ ಜೀವಂತವಿದ್ದರೆ ಆ ದಿನ ಬಿಟ್ಟುಬಿಡಿ. ಕೋಶಗಳನ್ನು ಬೆರೆಸಲು 2.4 ಮಿ.ಲೀ. ಪಿಬಿಎಸ್, 2.4 ಮಿ.ಲೀ. ಮ್ಯಾಟ್ರಿಜೆಲ್ (ಬೆಚ್ಚಗಾದರೆ ಹೆಪ್ಪುಗಟ್ಟುವ ಜೆಲ್), ಒಟ್ಟು 4.8 ಮಿ.ಲೀ. ಇಲಿಗೆ 100 ಮೈಕ್ರೋಲೀಟರ್. ಮ್ಯಾಟ್ರಿಜೆಲ್ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ, ಮಂಜುಗಡ್ಡೆಯ ಮೇಲೆ ಕರಗಲಿ. ಟಿಪ್, ಸಿರಿಂಜ್, ಸೂಜಿ ಎಲ್ಲ ತಣ್ಣಗಿರಬೇಕು, 10 ಡಿಗ್ರಿ ದಾಟಿದರೆ ಸೂಜಿಯಲ್ಲೇ ಹೆಪ್ಪುಗಟ್ಟುತ್ತದೆ. ಎರಡು ಕಂತಿನಲ್ಲಿ ಕಲಸಿ, ಪ್ರತಿ ಕಂತನ್ನೂ ಅರ್ಧ ಗಂಟೆಯೊಳಗೆ ಮುಗಿಸಿ.

ಸೂಜಿ ಹಾಕದೆ ಸಿರಿಂಜ್‌ಗೆ ಎಳೆದುಕೊಂಡು ಆಮೇಲೆ 26 ಗೇಜ್ ಸೂಜಿ ಕೂರಿಸಿ. ಪಕ್ಕೆಯ ಚರ್ಮ ಎತ್ತಿ, ಚುಚ್ಚಿದ ಜಾಗದಿಂದ ಅರ್ಧ ಸೆಂ.ಮೀ. ಚರ್ಮದಡಿ ಸೂಜಿ ಸರಿಸಿ, ನಿಧಾನಕ್ಕೆ ಬಿಡಿ. ಅವರೆಕಾಳಿನಷ್ಟು ಉಬ್ಬು ಎದ್ದು ನಿಲ್ಲಬೇಕು. ಚಪ್ಪಟೆಯಾಗಿ ಹರಡಿತೆಂದರೆ ಜಾಗ ತಪ್ಪಿದೆ, ಆ ಇಲಿಯನ್ನು ಗುರುತು ಹಾಕಿಡಿ. ಹತ್ತು ಸೆಕೆಂಡ್ ತಡೆದು, ಸೂಜಿ ತಿರುಗಿಸುತ್ತಾ ಹೊರತೆಗೆಯಿರಿ. ಮೊದಲ ಕೆಲ ದಿನ ಕಾಣುವ ಉಬ್ಬು ಜೆಲ್‌ನದು, ಗೆಡ್ಡೆಯೆಂದು ಅಳೆಯಬೇಡಿ. ಸರಾಸರಿ 100 ಘನ ಮಿ.ಮೀ. ಬಂದಾಗ ಗುಂಪು ಹಂಚಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಎಂಸಿಎಫ್-7 ಬೇರೆ ಕಥೆ. ಅದಕ್ಕೆ ಈಸ್ಟ್ರೊಜೆನ್ ಬೇಕು, ಚರ್ಮದಡಿ ಎಸ್ಟ್ರಾಡಿಯಾಲ್ ಪೆಲೆಟ್ ಇಡಬೇಕು. ಹಳೆಯ ಪ್ರೋಟೋಕಾಲ್‌ಗಳ 0.72 ಮಿ.ಗ್ರಾಂ. ಪೆಲೆಟ್‌ಗೆ ಮೂತ್ರಕೋಶದಲ್ಲಿ ಕಲ್ಲು, ಮೂತ್ರ ಕಟ್ಟುವುದು ಸಾಮಾನ್ಯ. ಗೆಡ್ಡೆಗಿಂತ ಮೊದಲೇ ಇಲಿ ಸಾಯುತ್ತದೆ. 0.18 ಮಿ.ಗ್ರಾಂ.ನಿಂದ ಶುರುಮಾಡಿ, ವಾರಕ್ಕೆರಡು ಸಲ ಕೆಳಹೊಟ್ಟೆ ಮುಟ್ಟಿ ನೋಡಿ. ನಿಮ್ಮ ಸಂಯುಕ್ತಕ್ಕೆ ಈಸ್ಟ್ರೊಜೆನ್ ಗುಣವಿದೆಯೇ ಎಂದೂ ಮೊದಲೇ ಪರೀಕ್ಷಿಸಿ. ಇದ್ದರೆ ಗೆಡ್ಡೆ ಕುಗ್ಗುವ ಬದಲು ಬೆಳೆಯಬಹುದು. ಮೇವಿನ ಸೋಯಾ ಕೂಡ ಇದೇ ಕೆಲಸ ಮಾಡುತ್ತದೆ. ಮೊದಲು 231 ಮುಗಿಸಿ.

ಅಳತೆಯಲ್ಲಿ ಎಚ್ಚರ: ಉದ್ದ ಗುಣಿಸು ಅಗಲದ ವರ್ಗ, ಭಾಗಿಸು ಎರಡು. 10 ಮತ್ತು 8 ಮಿ.ಮೀ. ಆದರೆ 320. ಅಗಲ 9 ಎಂದು ಓದಿದರೆ 405. ಒಂದು ಮಿ.ಮೀ.ಗೆ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ! ಆದ್ದರಿಂದ ಕೊನೆಯವರೆಗೆ ಒಬ್ಬರೇ ಅಳೆಯಲಿ, ಯಾವ ಗುಂಪಿನದೆಂದು ಅವರಿಗೆ ಗೊತ್ತಿರಬಾರದು. ತೂಕದಲ್ಲೂ ಗೆಡ್ಡೆಯದನ್ನು ಕಳೆಯಿರಿ. 1000 ಘನ ಮಿ.ಮೀ. ಎಂದರೆ ಸುಮಾರು ಒಂದು ಗ್ರಾಂ, 20 ಗ್ರಾಂ ಇಲಿ ಸೊರಗುತ್ತಿರುವುದನ್ನು ಅದು ಮರೆಮಾಡುತ್ತದೆ.

ಪ್ರಾಣಿಪ್ರಯೋಗದ ಅನುಮತಿಗೆ ಸಲ್ಲಿಸುವ ಫಾರ್ಮ್ ಬಿಯಲ್ಲಿ 32 ಅಲ್ಲ, 40 ಎಂದೇ ಬರೆದು ಕಾರಣ ಕೊಡಿ. ಗೆಡ್ಡೆ 20 ಮಿ.ಮೀ. ಮುಟ್ಟಿದರೆ, ಹುಣ್ಣಾದರೆ, ತೂಕ 20 ಶೇಕಡಾ ಇಳಿದರೆ ದಯಾಮರಣ ಎಂಬುದನ್ನೂ ಸೇರಿಸಿ. ನೈತಿಕ ಸಮಿತಿ ಒಪ್ಪುವ ಮುನ್ನ ಇಲಿ ತರಿಸುವಂತಿಲ್ಲ, ಪೂರೈಕೆದಾರರೂ ನೋಂದಾಯಿತರಾಗಿರಬೇಕು.